ನಲವತ್ತೇಳರಲ್ಲಿ ಐದು

ಹದಿಮೂರನೆಯ ಶತಮಾನದ ಅಂತ್ಯದಲ್ಲಿ ಅಲಾವುದ್ದೀನ್ ಖಿಲ್ಜಿಯು ತನ್ನ ಸಿರಿ ಪಟ್ಟಣದ ಪ್ರಜೆಗಳಿಗಾಗಿ ತೋಡಿಸಿದ, ಮುಂದೆ ಫಿರೋಜ್ ಷಾ ತುಘಲಕನು ಹೂಳೆತ್ತಿಸಿ ದಂಡೆಯ ಮೇಲೆ ಮದರಸವೊಂದನ್ನು ಕಟ್ಟಿಸಿದ ಸರೋವರದಿಂದ ದೆಹಲಿಯ ಹೌಜ್ ಖಾಸಿಗೆ ಆ ಹೆಸರು ಬಂದಿತು. ಆ ವಿದ್ಯಾಲಯದ ಭಗ್ನ ಕಮಾನುಗಳಿಗೂ ಅದಕ್ಕೆ ಆತುಕೊಂಡು ಬೆಳೆದ ಗ್ರಾಮದ ಇಕ್ಕಟ್ಟಾದ ಓಣಿಗಳಿಗೂ ನಡುವೆ ಹೆಚ್ಚು ಅಂತರವಿಲ್ಲ; ಓಣಿಯ ಮಹಡಿಗಳ ಮೇಲಿನ ಉಪಾಹಾರಗೃಹಗಳಲ್ಲಿ ಸಂಜೆಯ ವೇಳೆ ತರುಣರು ವಿದ್ಯುತ್ ಗಿಟಾರು ಹಿಡಿದು ನುಡಿಸುವ ಪರಿಪಾಠವು ಈಚಿನ ವರ್ಷಗಳಲ್ಲಿ ಬೆಳೆದುಬಂದಿದೆ. ಅಲ್ಲಿ ಕಿವಿಗೊಟ್ಟು ಕುಳಿತವರಿಗೆ ಒಂದು ಸಂಗತಿ ಬೇಗನೆ ಗೋಚರವಾಗುತ್ತದೆ. ವಾದ್ಯ ಒಂದೇ, ಕೈ ಒಂದೇ, ತಂತಿಯೂ ಅದೇ. ಆದರೂ ಗಾಯಕನ ಹಿಂದೆ ತಿಳಿಯಾಗಿ ಹರಿಯುತ್ತಿದ್ದ ನಾದವು ತನ್ನ ಸರದಿ ಬಂದೊಡನೆ ತುಂಬಿಕೊಂಡು, ಗಂಭೀರವಾಗಿ, ಮುಂದಕ್ಕೆ ನಿಲ್ಲುತ್ತದೆ. ಈ ಪರಿವರ್ತನೆಗೆ ಕಾರಣ ಬೆರಳಿನ ಬಲವೊಂದೇ ಅಲ್ಲ. ವಾದ್ಯದ ಒಡಲಿನಲ್ಲಿ, ಕಣ್ಣಿಗೆ ಕಾಣದಂತೆ ಅಡಗಿರುವ ತಂತಿಜೋಡಣೆಯೂ ಅದಕ್ಕೆ ಕಾರಣ. ಈ ವಾರದ ವಿಚಾರ ಆ ಜೋಡಣೆಯನ್ನು ಕುರಿತದ್ದು.

ದೆಹಲಿಯ ವಿದ್ಯುತ್ ತಂತಿಗಳ ನಾದದಲ್ಲಿ ಕನ್ನಡದ ಮನೆತನವೊಂದರ ಪಾಲೂ ಉಂಟೆಂಬುದನ್ನು ಇಲ್ಲಿ ಸ್ಮರಿಸುವುದು ಯುಕ್ತ. ಹೊಳೆನರಸೀಪುರದ ಯೋಗಾನರಸಿಂಹಂ ಅವರು ಸಂಸ್ಕೃತ ವಿದ್ವಾಂಸರು, ಕರ್ನಾಟಕ ಸಂಗೀತದ ವಾಗ್ಗೇಯಕಾರರು. ಅವರ ಮಕ್ಕಳಲ್ಲಿ ಎಚ್. ವೈ. ಶಾರದಾಪ್ರಸಾದರು ಇಂದಿರಾ ಗಾಂಧಿಯವರ ವಾರ್ತಾ ಸಲಹೆಗಾರರಾಗಿಯೂ ಎಚ್. ವೈ. ಮೋಹನರಾಮ್ ಅವರು ದೆಹಲಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕರಾಗಿಯೂ ಕೀರ್ತಿ ಗಳಿಸಿದರು. ಮೋಹನರಾಮ್ ಅವರ ಪುತ್ರ ರಾಹುಲ್ ರಾಮ್ ದೆಹಲಿಯ ‘ಇಂಡಿಯನ್ ಓಷನ್’ ತಂಡದ ಗಾಯಕರು, ಬೇಸ್ ಗಿಟಾರಿನ ವಾದಕರು. ವಾಗ್ಗೇಯಕಾರರ ಮೊಮ್ಮಗನ ಕೈಗೆ ವಿದ್ಯುತ್ ವಾದ್ಯ ಬಂದುದರಲ್ಲಿ ನನಗೆ ಯಾವ ವೈಚಿತ್ರ್ಯವೂ ತೋರುವುದಿಲ್ಲ. ತಂಬೂರಿಯ ಮಂದ್ರ ಷಡ್ಜವನ್ನು ಮೀಟಿದಾಗ ಯಾರೂ ನುಡಿಸದ ಅಂತರ ಗಾಂಧಾರವು ಸ್ವಯಂಭುವಾಗಿ ಏಳುವುದನ್ನು ಕೇಳಿ ಬೆಳೆದ ಕಿವಿಗೆ, ಒಂದು ತಂತಿಯೊಳಗೆ ಅನೇಕ ಸ್ವರಗಳಿವೆಯೆಂಬ ತತ್ತ್ವವು ಹೊಸದಲ್ಲ. ವಿದ್ಯುತ್ ಗಿಟಾರಿನ ಒಳಜೋಡಣೆಯ ಶಾಸ್ತ್ರವೆಲ್ಲ ಆ ಉಪಸ್ವರಗಳಲ್ಲಿ ಯಾವುದನ್ನು ಎತ್ತಿಹಿಡಿಯಬೇಕು, ಯಾವುದನ್ನು ತಗ್ಗಿಸಬೇಕು ಎಂಬ ವಿವೇಚನೆಯೇ ಆಗಿದೆ.

ತಂತಿಗಳ ಕೆಳಗೆ ಕಾಣುವ ಪಿಕಪ್ ಎಂಬ ಸಾಧನದ ರಚನೆ ಸರಳವಾದದ್ದು. ಅಯಸ್ಕಾಂತದ ಸುತ್ತ, ಮಿಲಿಮೀಟರಿನ ಹದಿನಾರನೆಯ ಒಂದಂಶದಷ್ಟು ತೆಳುವಾದ ತಾಮ್ರದ ಎಳೆಯನ್ನು ಸುಮಾರು ಎಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತದ ಕ್ಷೇತ್ರವೂ ಅದರೊಡನೆ ಅಲುಗುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ನಿಯಮದಂತೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆದರೆ ಪಿಕಪ್ಪು ತಂತಿಯ ಉದ್ದಕ್ಕೂ ಕೇಳುವುದಿಲ್ಲ. ತಾನಿರುವ ಎಡೆಯ ಕಂಪನವನ್ನು ಮಾತ್ರ ಕೇಳುತ್ತದೆ. 1954ರಲ್ಲಿ ಬಂದ ಸ್ಟ್ರಾಟೊಕ್ಯಾಸ್ಟರ್ ಎಂಬ ಗಿಟಾರಿನಲ್ಲಿ ಕುತ್ತಿಗೆಯ ಬಳಿಯ ಪಿಕಪ್ಪು ಕುದುರೆಯಿಂದ ತಂತಿಯ ನಾಲ್ಕನೆಯ ಒಂದಂಶದ ದೂರದಲ್ಲಿ ಕುಳಿತಿರುವುದರಿಂದ, ಬಿಡುತಂತಿಯನ್ನು ಮೀಟಿದಾಗ ನಾಲ್ಕನೆಯ ಉಪಸ್ವರವು ಅದಕ್ಕೆ ಬಹುಮಟ್ಟಿಗೆ ಕೇಳಿಸದು. ಆ ಉಪಸ್ವರಕ್ಕೆ ಅದು ನಿಶ್ಚಲ ಬಿಂದು. ತಂತಿಯನ್ನು ಮೀಟಿದ ಸ್ಥಾನದಲ್ಲಿ ನಿಶ್ಚಲವಾಗಿರುವ ಉಪಸ್ವರಗಳು ಹುಟ್ಟಲಾರವೆಂಬುದು ಥಾಮಸ್ ಯಂಗನ ಹಳೆಯ ನಿಯಮ. ನಮ್ಮ ತಂಬೂರಿ ವೀಣೆಗಳು ತಮ್ಮ ಕುದುರೆಯ ವಿಶಿಷ್ಟವಾದ ಬಾಗಿನಿಂದ ಈ ನಿಯಮವನ್ನೇ ಮೀರುತ್ತವೆಂಬುದನ್ನು, ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಸಿ. ವಿ. ರಾಮನ್ನರು 1921ರಲ್ಲಿ ಬರೆದು ತೋರಿಸಿದರು. ಗಿಟಾರಿನ ಕುದುರೆಗೆ ಆ ಭಾಗ್ಯವಿಲ್ಲ. ತಂಬೂರಿಯು ಜೀವಾಳಿಯ ನೂಲಿನಿಂದ ಸಾಧಿಸುವ ನಾದವೈವಿಧ್ಯವನ್ನು ಗಿಟಾರು ಪಿಕಪ್ಪುಗಳ ಸ್ಥಾನಭೇದದಿಂದಲೂ ಅವುಗಳ ಪರಸ್ಪರ ಸಂಯೋಗದಿಂದಲೂ ಸಾಧಿಸಬೇಕಾಗಿದೆ.

ಸಂಯೋಗದ ಮಾರ್ಗಗಳು ಮುಖ್ಯವಾಗಿ ಎರಡು. ಒಂದು ಸುರುಳಿಯ ಕೊನೆಗೆ ಇನ್ನೊಂದರ ಮೊದಲನ್ನು ಕಟ್ಟಿದರೆ ಸರಣಿ. ಎರಡರ ಮೊದಲುಗಳನ್ನೂ ಕೊನೆಗಳನ್ನೂ ಒಟ್ಟುಗೂಡಿಸಿದರೆ ಸಮಾಂತರ. ಇವುಗಳ ಭೇದವನ್ನು ಕಿವಿ ಒಡನೆ ಗುರುತಿಸುತ್ತದೆ, ಅಂಕಿಗಳೂ ಸಮರ್ಥಿಸುತ್ತವೆ. ಒಂದು ಸುರುಳಿಯ ಪ್ರೇರಕತ್ವ 2.4 ಹೆನ್ರಿ ಎಂದೂ, ವಾದ್ಯದಿಂದ ವರ್ಧಕಕ್ಕೆ ಹೋಗುವ ಕೇಬಲ್ಲಿನ ಧಾರಕತೆ 500 ಪಿಕೋಫ್ಯಾರಡ್ ಎಂದೂ ಇಟ್ಟುಕೊಂಡರೆ, ಅದರ ಅನುರಣನದ ಶಿಖರವು ಸೆಕೆಂಡಿಗೆ 4,600 ಕಂಪನಗಳ ಆಸುಪಾಸಿಗೆ ಬೀಳುತ್ತದೆ. ಅಂತಹ ಎರಡನ್ನು ಸರಣಿಯಲ್ಲಿ ಕಟ್ಟಿದೆವೆನ್ನಿ: ಪ್ರೇರಕತ್ವ ಇಮ್ಮಡಿಯಾಗಿ ಶಿಖರವು 3,250ಕ್ಕೆ ಇಳಿಯುತ್ತದೆ, ನಾದವು ದಪ್ಪವಾಗಿ ಬಲಗೊಳ್ಳುತ್ತದೆ. ಸಮಾಂತರದಲ್ಲಿ ಕಟ್ಟಿದರೆ ಪ್ರೇರಕತ್ವ ಅರ್ಧವಾಗಿ ಶಿಖರವು 6,500ಕ್ಕೆ ಏರುತ್ತದೆ, ನಾದವು ತೆಳುವಾಗಿ ಹೊಳೆಯುತ್ತದೆ. ಅವೇ ಎರಡು ಸುರುಳಿಗಳು, ಅದೇ ಕೈ. ಒಂದು ಬೆಸುಗೆಯ ಸ್ಥಳಾಂತರದಿಂದ ವಾದ್ಯದ ಸ್ವಭಾವವೇ ಬೇರೆಯಾಗುತ್ತದೆ.

ಮೂರನೆಯ ಸಾಧ್ಯತೆಯೊಂದಿದೆ. ಎರಡರಲ್ಲಿ ಒಂದು ಸುರುಳಿಯ ತುದಿಗಳನ್ನು ಅದಲುಬದಲು ಮಾಡಿದರೆ ಎರಡೂ ಒಂದಕ್ಕೊಂದು ವಿರುದ್ಧವಾಗಿ ನಡೆದು, ಮೂಲಸ್ವರವು ಬಹಳಷ್ಟು ಅಳಿದು, ಮೂಗಿನಿಂದ ಬಂದಂತಹ ಕೃಶವಾದ ನಾದ ಉಳಿಯುತ್ತದೆ. ವಾದಕರು ಇದನ್ನು ‘ಔಟ್ ಆಫ್ ಫೇಸ್’ ಎನ್ನುತ್ತಾರೆ. ಹೌಜ್ ಖಾಸಿನಂತಹ ಎಡೆಯಲ್ಲಿ ಇದನ್ನು ಬಹು ಎಚ್ಚರದಿಂದ ಬಳಸತಕ್ಕದ್ದು. ಓಣಿಯ ಮೇಲೆ ಜೋತುಬಿದ್ದ ವಿದ್ಯುತ್ ವಾಹಕಗಳು, ಬಣ್ಣದ ದೀಪಗಳನ್ನು ಮಂದಗೊಳಿಸುವ ಯಂತ್ರಗಳು, ಪಕ್ಕದ ಅಡುಗೆಮನೆಯ ಮೋಟಾರುಗಳು, ಇವೆಲ್ಲ ಸೆಕೆಂಡಿಗೆ 50 ಆವರ್ತಗಳ ಮೊರೆತವನ್ನೂ ಅದರ ಗುಣಕಗಳನ್ನೂ ಪ್ರತಿಯೊಂದು ಸುರುಳಿಗೂ ಉಣಿಸುತ್ತವೆ. ಒಡಲಿನ ಗೂಡಿಗೆ ತಾಮ್ರದ ಹಾಳೆ ಹೊದಿಸಿದರೆ ವಿದ್ಯುತ್ ಕ್ಷೇತ್ರದಿಂದ ಬರುವ ಗದ್ದಲವು ತಗ್ಗೀತು. ಅಯಸ್ಕಾಂತ ಕ್ಷೇತ್ರದಿಂದ ಬರುವುದು ಹಾಳೆಗೆ ಬಗ್ಗದು. ಅದಕ್ಕೆ ಸುರುಳಿಗೆ ಸುರುಳಿಯೇ ಮದ್ದು. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದ ಹಂಬಕರಿನ ಯುಕ್ತಿ ಇದೇ: ಎರಡು ಸುರುಳಿಗಳನ್ನು ಪ್ರತಿಮುಖವಾಗಿ ಸುತ್ತಿ, ಅಯಸ್ಕಾಂತದ ಧ್ರುವಗಳನ್ನೂ ತಿರುಗಿಸಿಟ್ಟರೆ, ತಂತಿಯ ನಾದವು ಕೂಡಿಕೊಳ್ಳುತ್ತದೆ, ಹೊರಗಿನ ಮೊರೆತವು ಕಳೆದುಹೋಗುತ್ತದೆ. ಮೂರು ಪಿಕಪ್ಪಿನ ವಾದ್ಯದಲ್ಲಿ ನಡುವಿನದನ್ನು ಹೀಗೆ ಪ್ರತಿಮುಖವಾಗಿ ಸುತ್ತಿದ್ದರೆ ಅದು ಅಕ್ಕಪಕ್ಕದ ಯಾವುದರೊಡನೆ ಕೂಡಿದರೂ ನಿಶ್ಶಬ್ದತೆ ದೊರೆಯುತ್ತದೆ. ಆ ಜೋಡಿಯನ್ನೇ ವಿರುದ್ಧವಾಗಿ ಕಟ್ಟಿದಿರೋ, ತಂತಿಯ ನಾದ ಕಳೆದು ಮೊರೆತ ಕೂಡಿಕೊಳ್ಳುತ್ತದೆ; ಅಪೇಕ್ಷಿತವಾದದ್ದು ಹೋಗಿ ಅನಪೇಕ್ಷಿತವಾದದ್ದು ಉಳಿಯುತ್ತದೆ.

ಈಗ ಗಣಿತಕ್ಕೆ ಬರೋಣ. ಮೂರು ಸುರುಳಿಗಳಿವೆಯೆಂದುಕೊಳ್ಳಿ. ಒಂಟಿಯಾಗಿ ನುಡಿಸಿದರೆ ಮೂರು ಬಗೆ. ಎರಡೆರಡಾಗಿ ಆರಿಸಿದರೆ ಮೂರು ಜೋಡಿ; ಪ್ರತಿ ಜೋಡಿಗೂ ಸರಣಿ ಸಮಾಂತರಗಳೆಂಬ ಎರಡು ಮಾರ್ಗ, ಪ್ರತಿ ಮಾರ್ಗಕ್ಕೂ ಅನುಕೂಲ ವಿರುದ್ಧಗಳೆಂಬ ಎರಡು ರೀತಿ; ಅಲ್ಲಿಗೆ ಹನ್ನೆರಡು. ಮೂರನ್ನೂ ಒಟ್ಟಿಗೆ ಕಟ್ಟಲು ಎಂಟು ಮಾರ್ಗಗಳು, ಪ್ರತಿಯೊಂದಕ್ಕೂ ನಾಲ್ಕು ರೀತಿಗಳು, ಅಲ್ಲಿಗೆ ಮೂವತ್ತೆರಡು. ಒಟ್ಟು ನಲವತ್ತೇಳು. ಎರಡು ಹಂಬಕರುಗಳನ್ನು ಬಿಡಿಸಿ ನಾಲ್ಕು ಸುರುಳಿಗಳೆಂದು ಎಣಿಸಿದರೆ ಇದೇ ಲೆಕ್ಕ 572ಕ್ಕೆ ಏರುತ್ತದೆ. ಸಾಮಾನ್ಯವಾದ ಸ್ವಿಚ್ಚು ವಾದಕನ ಕೈಗೆ ಕೊಡುವುದು ಆ ನಲವತ್ತೇಳರಲ್ಲಿ ಐದನ್ನು ಮಾತ್ರ.

ಉಳಿದವುಗಳಿಗಾಗಿ ವಾದಕರು ಪಟ್ಟ ಪಾಡಿನ ಇತಿಹಾಸ ಸ್ವಾರಸ್ಯವಾದದ್ದು. ಮೊದಲ ಸ್ಟ್ರಾಟೊಕ್ಯಾಸ್ಟರಿನ ಸ್ವಿಚ್ಚಿಗೆ ಮೂರೇ ನೆಲೆಗಳಿದ್ದವು. ಅದರ ಕಡ್ಡಿಯನ್ನು ಎರಡು ನೆಲೆಗಳ ನಡುವೆ ಸಮತೂಗಿ ನಿಲ್ಲಿಸಿದರೆ ಎರಡು ಪಿಕಪ್ಪುಗಳು ಒಟ್ಟಿಗೆ ನುಡಿಯುತ್ತವೆಂಬುದನ್ನು ವಾದಕರು ತಾವೇ ಕಂಡುಕೊಂಡರು. ಕೇಳುಗರು ಮೆಚ್ಚಿದ ಆ ನಾದಕ್ಕೆ ವಾದ್ಯವನ್ನು ತಯಾರಿಸುವ ಕಂಪನಿಯು ಅಧಿಕೃತವಾದ ನೆಲೆ ಒದಗಿಸಿ ಐದು ನೆಲೆಯ ಸ್ವಿಚ್ಚನ್ನು ಕೂಡಿಸಿದ್ದು 1977ರಲ್ಲಿ. ಇಂಗ್ಲೆಂಡಿನ ಬ್ರಯನ್ ಮೇ ಎಂಬ ಬಾಲಕನು 1963ರಲ್ಲಿ, ವಿದ್ಯುನ್ಮಾನವನ್ನು ಬಲ್ಲ ತಂದೆಯೊಡನೆ ಸೇರಿ, ಹಳೆಯ ಅಗ್ಗಿಷ್ಟಿಕೆಯ ಮರದಿಂದ ಕುತ್ತಿಗೆಯನ್ನು ಕೆತ್ತಿ ಗಿಟಾರೊಂದನ್ನು ಮನೆಯಲ್ಲೇ ಕಟ್ಟತೊಡಗಿದ. ಅದರ ಮೂರು ಪಿಕಪ್ಪುಗಳಿಗೂ ಒಂದೊಂದಕ್ಕೆ ಎರಡೆರಡು ಸ್ವಿಚ್ಚುಗಳು: ಒಂದು ತೆರೆದು ಮುಚ್ಚುವುದಕ್ಕೆ, ಇನ್ನೊಂದು ದಿಕ್ಕನ್ನು ತಿರುಗಿಸುವುದಕ್ಕೆ. ಸರಣಿಯಲ್ಲಿ ಕಟ್ಟಿದ ಆ ವಾದ್ಯದಿಂದ ಹದಿಮೂರು ಭಿನ್ನ ನಾದಗಳು ಹೊರಡಬಲ್ಲವು. ಮುಂದೆ ‘ಕ್ವೀನ್’ ತಂಡದಲ್ಲಿ ಜಗತ್ತೇ ಆಲಿಸಿದ್ದು ಆ ವಾದ್ಯವನ್ನೇ. ಆದರೆ ಆರು ಸ್ವಿಚ್ಚುಗಳ ಆ ವ್ಯವಸ್ಥೆಯಲ್ಲಿ ಒಂದು ನಾದದಿಂದ ಇನ್ನೊಂದಕ್ಕೆ ಹೋಗಲು ಕೆಲವೊಮ್ಮೆ ಮೂರು ನಾಲ್ಕು ಕಡೆ ಬೆರಳಾಡಿಸಬೇಕಾಗುತ್ತದೆ; ತಾಳವು ಅಷ್ಟು ಹೊತ್ತು ಕಾಯುವುದಿಲ್ಲ.

ಇಲ್ಲಿಯೇ ಪೂರ್ವಸಂಕಲ್ಪಿತ ಜೋಡಣೆಯ ಪ್ರಯೋಜನ ಬರುವುದು. ಪ್ರತಿ ಸುರುಳಿಯ ಎರಡೂ ತುದಿಗಳನ್ನು ಸ್ವತಂತ್ರವಾಗಿ ಹೊರತಂದು, ಅವುಗಳನ್ನು ಹೇಗೆ ಕೂಡಿಸಬೇಕೆಂಬುದನ್ನು ಪುಟ್ಟ ಮೈಕ್ರೋಕಂಟ್ರೋಲರಿನ ನೆನಪಿನಲ್ಲಿ ಬರೆದಿಟ್ಟರೆ, ಒಂದು ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಇಡೀ ಜೋಡಣೆ ಬದಲಾಗುತ್ತದೆ. ಅಮೆರಿಕದ ಮ್ಯೂಸಿಕ್ ಮ್ಯಾನ್ ಕಂಪನಿಯು 2011ರಲ್ಲಿ ಪ್ರದರ್ಶಿಸಿದ ‘ಗೇಮ್ ಚೇಂಜರ್’ ಗಿಟಾರಿನಲ್ಲಿ ಈ ಸಂಯೋಜನೆಗಳನ್ನು ಕಂಪ್ಯೂಟರಿನ ಮುಂದೆ ಕುಳಿತು ರೂಪಿಸಿ ವಾದ್ಯಕ್ಕೆ ತುಂಬಬಹುದಾಗಿತ್ತು. ಅವುಗಳ ಸಂಖ್ಯೆ ಎರಡೂವರೆ ಲಕ್ಷವನ್ನು ಮೀರುವುದೆಂದು ಕಂಪನಿಯು ಸಾರಿತು. ಇಂತಹ ಏರ್ಪಾಡಿನಲ್ಲಿ ಗಣಕವು ನಾದವನ್ನು ಮುಟ್ಟುವುದಿಲ್ಲವೆಂಬುದನ್ನು ರಸಿಕರು ಮನಗಾಣಬೇಕು. ಅದು ದಾರಿಯನ್ನು ತೆರೆದು ಮುಚ್ಚುತ್ತದೆ, ಅಷ್ಟೆ. ಆ ದಾರಿಯಲ್ಲಿ ಹರಿಯುವುದು ತಂತಿಯಿಂದ ಹುಟ್ಟಿದ ವಿದ್ಯುತ್ತೇ.

ದಾರಿಯನ್ನು ತೆರೆಯುವ ಬಾಗಿಲು ಎರಡು ವಿಧ. ಅರೆವಾಹಕದ ಸ್ವಿಚ್ಚು ಅಗ್ಗವಾದದ್ದು, ಶಬ್ದವಿಲ್ಲದ್ದು. ಅದು ಒಡ್ಡುವ ಕೆಲವು ನೂರು ಓಮ್‌ಗಳ ಅಡ್ಡಿಯು, ಮುಂದೆ ಎರಡೂವರೆ ಲಕ್ಷ ಓಮ್‌ಗಳ ನಾದನಿಯಂತ್ರಕವೇ ಕುಳಿತಿರುವಾಗ, ಗಣನೆಗೆ ಬಾರದು. ಆದರೆ ಬ್ಯಾಟರಿ ಸತ್ತರೆ ನಾದವೂ ಸಾಯುತ್ತದೆ. ತನ್ನ ನೆಲೆಯನ್ನು ತಾನೇ ಹಿಡಿದುಕೊಳ್ಳುವ ಲ್ಯಾಚಿಂಗ್ ರಿಲೇಗೆ ವಿದ್ಯುತ್ತು ಬೇಕಾಗುವುದು ಮಗ್ಗುಲು ಬದಲಿಸುವ ಕ್ಷಣಕ್ಕೆ ಮಾತ್ರ. ಬ್ಯಾಟರಿ ಮುಗಿದರೂ ಕೊನೆಯ ಜೋಡಣೆ ಹಾಗೆಯೇ ಉಳಿದು ಕಛೇರಿಯನ್ನು ದಡ ಮುಟ್ಟಿಸುತ್ತದೆ. ರಂಗದ ಮೇಲೆ ನುಡಿಸುವವರು ಎರಡನೆಯದನ್ನೇ ಆರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬೇಕಾದ ಬಿಡಿಭಾಗಗಳನ್ನು ದೆಹಲಿಯಲ್ಲಿ ಚಾಂದನಿ ಚೌಕದ ಲಜಪತ್ ರಾಯ್ ಮಾರುಕಟ್ಟೆಯಲ್ಲಿಯೂ ಬೆಂಗಳೂರಿನಲ್ಲಿ ಎಸ್. ಪಿ. ರಸ್ತೆಯಲ್ಲಿಯೂ ಅರಸಬಹುದು. ಹೌಜ್ ಖಾಸಿನಲ್ಲೇ ಇರುವ, 1961ರಲ್ಲಿ ಇಂಜಿನಿಯರಿಂಗ್ ಕಾಲೇಜಾಗಿ ಆರಂಭವಾದ ಐಐಟಿಯ ವಿದ್ಯಾರ್ಥಿಯೊಬ್ಬನಿಗೆ, ಅವನು ಗಿಟಾರನ್ನೂ ಪ್ರೀತಿಸುವವನಾದರೆ, ಇದಕ್ಕಿಂತ ಫಲಪ್ರದವಾದ ಅಭ್ಯಾಸವನ್ನು ಸೂಚಿಸುವುದು ಕಷ್ಟ.

ಆದರೂ ಸಂಖ್ಯೆಯ ಮೋಹಕ್ಕೆ ಮನಸ್ಸನ್ನು ಒಪ್ಪಿಸಬಾರದು. ನಲವತ್ತೇಳು ಜೋಡಣೆಗಳು ನಲವತ್ತೇಳು ನಾದಗಳಲ್ಲ. ಅವುಗಳಲ್ಲಿ ಅನೇಕವು ಒಂದನ್ನೊಂದು ಹೋಲುತ್ತವೆ. ಕೆಲವು ಮೊರೆತದಲ್ಲಿ ಮುಳುಗುತ್ತವೆ. ಮೂರನ್ನೂ ಬರಿಯ ಸರಣಿಯಲ್ಲೋ ಬರಿಯ ಸಮಾಂತರದಲ್ಲೋ ಕೂಡಿಸಿದವುಗಳಲ್ಲಿ ಎರಡು ಸುರುಳಿಗಳ ಮೊರೆತ ಪರಸ್ಪರ ಕಳೆದರೂ ಮೂರನೆಯದರದ್ದು ಉಳಿದೇ ಉಳಿಯುತ್ತದೆ. ಸಾವಧಾನವಾಗಿ ಕೇಳಿ ಆರಿಸಿದರೆ ಐದು ಸಾಕು. ನನ್ನ ಆಯ್ಕೆಯನ್ನು ಹೇಳುತ್ತೇನೆ. ಮೊದಲನೆಯದು ಕುತ್ತಿಗೆಯ ಪಿಕಪ್ಪು ಒಂಟಿಯಾಗಿ, ವಿಳಂಬವಾದ ರಾಗಭಾವಕ್ಕೆ. ಎರಡನೆಯದು ಕುತ್ತಿಗೆ ಮತ್ತು ನಡುವಿನದು ಸಮಾಂತರದಲ್ಲಿ, ಗಾಯಕನಿಗೆ ಎಡೆಗೊಟ್ಟು ನಡೆಯುವ ಪಕ್ಕವಾದ್ಯಕ್ಕೆ. ಮೂರನೆಯದು ಅವೇ ಎರಡು ಸರಣಿಯಲ್ಲಿ, ಪಕ್ಕವಾದ್ಯವು ಮುಂದೆ ಬಂದು ತಾನೇ ಮಾತಾಡಬೇಕಾದಾಗ. ನಾಲ್ಕನೆಯದು ನಡುವಿನದು ಮತ್ತು ಕುದುರೆಯ ಬಳಿಯದು ಸಮಾಂತರದಲ್ಲಿ, ಚುರುಕಾದ ಲಯಕ್ಕೆ. ಐದನೆಯದು ಕುದುರೆಯ ಬಳಿಯದು ಒಂಟಿಯಾಗಿ, ತೀಕ್ಷ್ಣತೆಗೆ. ಸಾಮಾನ್ಯ ಸ್ವಿಚ್ಚಿನಿಂದ ಇಲ್ಲಿ ಬಿಟ್ಟುಕೊಟ್ಟದ್ದು ನಡುವಿನ ಪಿಕಪ್ಪಿನ ಒಂಟಿ ದನಿಯೊಂದನ್ನೇ. ಪಡೆದದ್ದು ಯಾವ ಪೆಡಲಿನ ಹಂಗೂ ಇಲ್ಲದ ಬಲವಾದ ಸರಣಿ ನಾದವನ್ನು. ನಡುವಿನ ಸುರುಳಿ ಪ್ರತಿಮುಖವಾಗಿದ್ದರೆ ಐದರಲ್ಲಿ ಮೂರು ನಿಶ್ಶಬ್ದವಾಗಿರುತ್ತವೆ.

ಈ ಐದಕ್ಕೆ ಮೈಕ್ರೋಕಂಟ್ರೋಲರೂ ಬೇಕಿಲ್ಲ. ಐದು ನೆಲೆಗಳೂ ನಾಲ್ಕು ಧ್ರುವಗಳೂ ಉಳ್ಳ, ಸೂಪರ್ ಸ್ವಿಚ್ ಎಂದು ಕರೆಯುವ, ಇಪ್ಪತ್ತನಾಲ್ಕು ಕಾಲಿನ ಸ್ವಿಚ್ಚೊಂದನ್ನು ತಂದು ತಾಳ್ಮೆಯಿಂದ ಬೆಸೆದರೆ, ಪ್ರತಿ ನೆಲೆಗೂ ಬೇಕಾದ ಜೋಡಣೆಯನ್ನು ಬೇರೆಬೇರೆಯಾಗಿ ವಿಧಿಸಬಹುದು. ಒಂದು ಸಂಜೆ ಭಾವಗೀತೆಗೂ ಮರುಸಂಜೆ ರಾಕ್ ಸಂಗೀತಕ್ಕೂ ಅದೇ ವಾದ್ಯವನ್ನು ಒಯ್ಯುವವರು ಗಣಕದ ನೆನಪನ್ನು ಆಶ್ರಯಿಸಲಿ. ಕಾರ್ಯಕ್ರಮಕ್ಕೊಂದರಂತೆ ಐದೈದರ ಗುಚ್ಛಗಳನ್ನು ಅದು ಕಾಪಾಡಿಕೊಡುತ್ತದೆ.

ಎರಡು ಮಾರ್ಗಗಳಲ್ಲಿಯೂ ಸಾರ ಒಂದೇ. ರಂಗದ ಮೇಲೆ ಮನಸ್ಸು ಶ್ರುತಿಲಯಗಳಲ್ಲಿ ಮಗ್ನವಾಗಿರಬೇಕು. ಯಾವ ಸುರುಳಿಯನ್ನು ಯಾವುದರೊಡನೆ ಕೂಡಿಸಲಿ ಎಂಬ ಚಿಂತೆಗೆ ಅಲ್ಲಿ ಅವಕಾಶವಿಲ್ಲ, ಅವಕಾಶ ಇರಲೂಬಾರದು. ಆ ಚಿಂತನೆಯನ್ನು ಮನೆಯ ಏಕಾಂತದಲ್ಲಿ, ಕಿವಿ ದಣಿಯದಿರುವ ಹೊತ್ತಿನಲ್ಲಿ ಮುಗಿಸಿ, ಅದರ ನಿರ್ಣಯವನ್ನು ವಾದ್ಯದೊಳಗೆ ಬರೆದಿಡುವುದಕ್ಕೆ ಅನುವು ಮಾಡಿಕೊಡುವುದೇ ಈ ವಿದ್ಯೆಯ ನಿಜವಾದ ಹಿರಿಮೆ, ಲಕ್ಷಗಳ ಲೆಕ್ಕವಲ್ಲ. ಆದ್ದರಿಂದ ಬೆಸುಗೆಯ ಕೋಲನ್ನು ಕಾಯಿಸುವ ಮುನ್ನ, ನೀವು ನುಡಿಸುವ ಹಾಡುಗಳಿಗೆ ಬೇಕಾದ ನಾದಗಳು ಯಾವುವು ಎಂಬುದನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಪ್ರತಿಯೊಂದರ ಮುಂದೆ ಯಾವ ಹಾಡಿಗೆ, ಯಾವ ಎಡೆಯಲ್ಲಿ ಎಂಬುದನ್ನೂ ಬರೆಯಿರಿ. ಹಾಗೆ ಬರೆಯಲಾಗದ ನಾದವನ್ನು ವಾದ್ಯದೊಳಗೂ ಇಡಬೇಡಿ.