ಪುಟವಿನ್ಯಾಸದ ತತ್ತ್ವವೂ ಕನ್ನಡದ ಸಾಲೂ

ಪುಟವಿನ್ಯಾಸದ ಮೂಲತತ್ತ್ವಗಳನ್ನು ನಿರೂಪಿಸುವಾಗ ಪಾಶ್ಚಾತ್ಯ ಮುದ್ರಣಕಲೆಯನ್ನೇ ಪ್ರಮಾಣವಾಗಿ ಹಿಡಿಯುವುದು ವಾಡಿಕೆ. ಆ ತತ್ತ್ವಗಳಲ್ಲಿ ಎಲ್ಲ ಲಿಪಿಗಳಿಗೂ ಸಲ್ಲುವಂಥವು ಯಾವುವು, ರೋಮನ್ ಲಿಪಿಗೆ ಮಾತ್ರ ಸಹಜವಾದವು ಯಾವುವು ಎಂಬುದನ್ನು ವಿವೇಚಿಸುವುದು ಅವಶ್ಯಕ.

ಜರ್ಮನಿಯ ಯಾನ್ ಚಿಹೊಲ್ಟ್ ೧೯೨೮ರಲ್ಲಿ ಪ್ರಕಟಿಸಿದ ‘ನೂತನ ಮುದ್ರಣಕಲೆ’ ಎಂಬ ಗ್ರಂಥದಲ್ಲಿ, ಶೀರ್ಷಿಕೆಗಳನ್ನು ಪುಟದ ನಡುವಿಗೆ ಕೂಡಿಸುವ ಹಳೆಯ ಪದ್ಧತಿಯನ್ನು ತಿರಸ್ಕರಿಸಿ, ಅಸಮಪಾರ್ಶ್ವ ವಿನ್ಯಾಸವೇ ಯುಗಧರ್ಮವೆಂದು ಸಾರಿದನು. ಅವನೇ ೧೯೪೭ರಿಂದ ೧೯೪೯ರವರೆಗೆ ಇಂಗ್ಲೆಂಡಿನ ಪೆಂಗ್ವಿನ್ ಪುಸ್ತಕಗಳ ರೂಪವನ್ನು ತಿದ್ದುವಾಗ ಸಮಪಾರ್ಶ್ವ ವಿನ್ಯಾಸವನ್ನು ಆದರಿಸಿದನು. ಇದನ್ನು ಚಂಚಲತೆಯೆಂದು ಎಣಿಸುವುದು ಯುಕ್ತವಲ್ಲ. ಪುಟದ ಅವಕಾಶವನ್ನು ಅರ್ಥದ ತಾರತಮ್ಯಕ್ಕೆ ತಕ್ಕಂತೆ ಹಂಚಬೇಕೆಂಬ ನಿಲುವು ಎರಡು ಘಟ್ಟಗಳಲ್ಲಿಯೂ ಅಚಲವಾಗಿದೆ. ಸಮತೆ, ಅಸಮತೆಗಳು ಶೈಲಿ. ಈ ಹಂಚಿಕೆಯೇ ತತ್ತ್ವ.

ತತ್ತ್ವವನ್ನು ನಾವು ಸ್ವೀಕರಿಸಬಹುದು. ಅಳತೆಗಳನ್ನು ಎರವಲು ತರಲಾಗದು. ರೋಮನ್ ಅಕ್ಷರದ ಬಾಲ ಕೆಳಕ್ಕೆ ಇಳಿಯುವುದುಂಟು. ಆದರೆ ಅದು ಆ ಅಕ್ಷರದ ಒಂದು ಭಾಗ ಮಾತ್ರ. ಕನ್ನಡದ ಒತ್ತಕ್ಷರವಾದರೋ ಸ್ವತಃ ಒಂದು ವ್ಯಂಜನ. ಅದು ಮಸುಕಾದರೆ ‘ಕತ್ತೆ’ ‘ಕತೆ’ಯಾದೀತು, ‘ಹಳ್ಳಿ’ ‘ಹಳಿ’ಯಾದೀತು. ‘ಶಾಸ್ತ್ರ’, ‘ರಾಷ್ಟ್ರ’ಗಳಂಥ ಪದಗಳಲ್ಲಿ ಒತ್ತುಗಳು ಎರಡು. ಸಾಲುಗಳನ್ನು ಒತ್ತಾಗಿ ಜೋಡಿಸಿದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟನ್ನೋ ಗುಡಿಸನ್ನೋ ಮುಟ್ಟುತ್ತದೆ. ಆದುದರಿಂದ ಸಾಲುಗಳ ನಡುವಣ ತೆರಪು ಕನ್ನಡದಲ್ಲಿ ಕೇವಲ ಅಂದದ ವಿಷಯವಲ್ಲ. ಅದು ಪಾಠಶುದ್ಧಿಯ ವಿಷಯ.

ಎರಡನೆಯದಾಗಿ, ಪದಗಳ ನಡುವಣ ತೆರಪು ಕಿರಿದಾಗಿರಬೇಕೆಂಬುದು ಚಿಹೊಲ್ಟನ ಪೆಂಗ್ವಿನ್ ನಿಯಮಗಳಲ್ಲೊಂದು. ಸಂಧಿ, ಸಮಾಸ, ಪ್ರತ್ಯಯಗಳಿಂದ ಪದಗಳು ದೀರ್ಘವಾಗುವ ನಮ್ಮ ಭಾಷೆಯಲ್ಲಿ, ಕಿರಿದಾದ ಅಂಕಣದ ಎರಡು ಅಂಚುಗಳನ್ನೂ ಸಮಗೊಳಿಸಿದರೆ ನಡುವೆ ಬಿಳಿಯ ಕಂದರಗಳು ಏಳುತ್ತವೆ. ನಿಯಮದ ಆಶಯ ಉಳಿಯಬೇಕಾದರೆ ಅಂಕಣವನ್ನು ಅಗಲಿಸಬೇಕು, ಇಲ್ಲವೆ ಬಲದ ಅಂಚನ್ನು ಸಡಿಲ ಬಿಡಬೇಕು.

ಮೂರನೆಯದಾಗಿ, ರೋಮನ್ ಲಿಪಿಯಲ್ಲಿರುವ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದ ಕನ್ನಡಕ್ಕಿಲ್ಲ. ಶೀರ್ಷಿಕೆ, ಉಪಶೀರ್ಷಿಕೆಗಳ ಅಂತರವನ್ನು ಅಕ್ಷರದ ಗಾತ್ರ, ದಪ್ಪ ಹಾಗೂ ಸುತ್ತಲಿನ ತೆರಪುಗಳೇ ಸೂಚಿಸಬೇಕು.

ಕಾಗದದ ಉಳಿತಾಯಕ್ಕೆಂದು ಪಠ್ಯಪುಸ್ತಕದ ಸಾಲುಗಳನ್ನು ಇರುಕಿಸಿ, ವಿದ್ಯಾರ್ಥಿಗೆ ಓದಿನಲ್ಲಿ ಆಸಕ್ತಿಯಿಲ್ಲವೆಂದು ದೂರುವುದು ನ್ಯಾಯವೆ? ಗ್ರಂಥಸಂಪಾದನೆಯಲ್ಲಿ ಒಂದು ಒತ್ತಿಗಾಗಿ ಹಲವು ಪ್ರತಿಗಳನ್ನು ತೂಗಿ ನೋಡುವ ನಾವು, ಅದೇ ಒತ್ತು ಅಚ್ಚಿನಲ್ಲಿ ಅಳಿಯದಂತೆ ಸಾಲಿನ ಅಳತೆಯನ್ನೂ ನಿಷ್ಕರ್ಷಿಸಬೇಕು. ಆ ಹೊಣೆಯನ್ನು ಮುದ್ರಕನೊಬ್ಬನಿಗೇ ಬಿಡತಕ್ಕದ್ದಲ್ಲವೆಂಬುದು ನಮ್ಮ ಅಭಿಪ್ರಾಯ.