ಮಾತಿಗೂ ಸೈ, ಮೌನಕ್ಕೂ ಸೈ

ಉಡುಪಿಯ ವಿನಯಾ ಪ್ರಸಾದ್ ಸಿನಿಮಾಕ್ಕೆ ಬಂದದ್ದು ಜಿ.ವಿ. ಅಯ್ಯರ್ ಅವರ ‘ಮಧ್ವಾಚಾರ್ಯ’ದ (1986) ಸಣ್ಣ ಪಾತ್ರದಿಂದ. ಮಟ್ಟು, ಕಾಪು ಕಡೆಯ ನಮಗೆ ಅವರೆಂದರೆ ಮೊದಲು ‘ಗಣೇಶನ ಮದುವೆ’. ಕಾಸರಗೋಡು ದಾಟಿದರೆ ಅವರು ‘ಮಣಿಚಿತ್ರತಾಳ್’ ಚಿತ್ರದ ಶ್ರೀದೇವಿ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಅವರ ಪ್ರತಿಭೆಯ ಪೂರ್ತಿ ಅಳತೆ ಸಿಗದು.

ಫಣಿ ರಾಮಚಂದ್ರ ನಿರ್ದೇಶನದ ‘ಗಣೇಶನ ಮದುವೆ’ಯಲ್ಲಿ (1990) ವಿನಯಾ ಅವರ ಪಾತ್ರ ಆದಿಲಕ್ಷ್ಮಿ, ವಠಾರದ ಮಾಲೀಕನ ಮಗಳು. ಅನಂತನಾಗ್ ಅವರ ಗಣೇಶನಿಗೆ ಅವಳೊಂದಿಗೆ ಸದಾ ಜಗಳ. ತಾನು ಮನಸೋತ ಗಾಯಕಿ ಶ್ರುತಿ ಇವಳೇ ಎಂಬುದು ಅವನಿಗೆ ತಿಳಿಯದು. ಅನಂತನಾಗ್ ಅವರಂಥ ನಟನ ಎದುರು ಮಾತಿಗೆ ಮಾತು ಕೊಡುವುದು ಸುಲಭವಲ್ಲ. ವಿನಯಾ ಅರಚುವುದಿಲ್ಲ, ಸಿಟ್ಟಿನಲ್ಲೂ ಮನೆಮಗಳ ಘನತೆ ಬಿಡುವುದಿಲ್ಲ. ಜಗಳಗಂಟಿಯೂ ಪ್ರೇಯಸಿಯೂ ಒಬ್ಬಳೇ ಎಂದು ನಾವು ನಂಬುವುದು ಅದರಿಂದಲೇ.

ಅದೇ ವರ್ಷ ಎಂ.ಟಿ. ವಾಸುದೇವನ್ ನಾಯರ್ ಬರೆದು ಅಜಯನ್ ನಿರ್ದೇಶಿಸಿದ ಮಲಯಾಳಂ ಚಿತ್ರ ‘ಪೆರುಂತಚ್ಚನ್’ನಲ್ಲಿ ಅವರು ತಿಲಕನ್ ಜೊತೆ ನಟಿಸಿದರು. ಫಾಸಿಲ್ ಅವರ ‘ಮಣಿಚಿತ್ರತಾಳ್’ (1993) ಬಂದಾಗ ಎಲ್ಲರ ಕಣ್ಣು ನಾಯಕಿ ಶೋಭನಾ ಮೇಲೆ. ರಾಷ್ಟ್ರಪ್ರಶಸ್ತಿಯೂ ನ್ಯಾಯವಾಗಿ ಅವರಿಗೇ ಸಂದಿತು. ಆದರೆ ಆ ಕಥೆಯ ಗುಟ್ಟು ಕೊನೆಯವರೆಗೆ ಉಳಿಯುವುದು ವಿನಯಾ ಅವರಿಂದ. ಮನೆಯ ಅನಾಹುತಗಳಿಗೆಲ್ಲ ಶ್ರೀದೇವಿಯೇ ಕಾರಣವೆಂದು ನಮಗೆ ಅನುಮಾನ ಬರಬೇಕು. ಸತ್ಯ ತಿಳಿದ ಮೇಲೆ ಅದೇ ಮುಖದಲ್ಲಿ ನೊಂದ ಹೆಣ್ಣು ಕಾಣಬೇಕು. ಒಂದೇ ನೋಟ ಎರಡೂ ಅರ್ಥಕ್ಕೆ ಒದಗಬೇಕು. ಅತಿಯಾದ ಒಂದು ಮುಖಭಾವ ಸಾಕಿತ್ತು, ಚಿತ್ರ ಕೆಡಲು. ಅವರು ಕಣ್ಣಿನಲ್ಲೇ ಎಲ್ಲ ಹೇಳಿ, ಉಳಿದದ್ದನ್ನು ತಡೆದಿಟ್ಟರು.

ಕನ್ನಡ ಅವರ ಮಾತನ್ನು ಬಳಸಿತು, ಮಲಯಾಳಂ ಅವರ ಮೌನವನ್ನು. ‘ಮಣಿಚಿತ್ರತಾಳ್’ ಕಥೆ 2004ರಲ್ಲಿ ‘ಆಪ್ತಮಿತ್ರ’ವಾಗಿ ಕನ್ನಡಕ್ಕೆ ಬಂದಾಗ ಶ್ರೀದೇವಿಯ ಪಾತ್ರ ಪ್ರೇಮಾ ಅವರದಾಯಿತು. ಕೇರಳದ ಮನೆಮನೆಗೆ ‘ಸ್ತ್ರೀ’ ಧಾರಾವಾಹಿಯ ಮೂಲಕವೂ ತಲುಪಿದ ಈ ನಟಿಗೆ ನಮ್ಮವರು ಹೆಚ್ಚಾಗಿ ಕೊಟ್ಟದ್ದು ಅಮ್ಮನ ಪಾತ್ರಗಳನ್ನು. ಹರಸುವುದು, ಅಳುವುದು ಬಿಟ್ಟರೆ ಅಂಥ ಪಾತ್ರಗಳಲ್ಲಿ ಉಳಿಯುವುದು ಕಡಿಮೆ.

ಇದು ನಟಿಗಾದ ನಷ್ಟಕ್ಕಿಂತ ಕನ್ನಡ ಚಿತ್ರರಂಗಕ್ಕಾದ ನಷ್ಟ. ನಡುವಯಸ್ಸು ದಾಟಿದ ಹೆಣ್ಣಿಗೂ ಗುಟ್ಟು, ಅನುಮಾನ, ಆಸೆ ಇರುತ್ತವೆ ಎಂದು ನಂಬುವ ಬರಹಗಾರರು ಇಲ್ಲಿ ಬೇಕು. ಅಂಥ ಪಾತ್ರ ಬರೆದರೆ ಅದನ್ನು ಹೊರಬಲ್ಲ ನಟಿ ನಮ್ಮಲ್ಲೇ ಇದ್ದಾರೆ.