ಸ್ತ್ರೀಚರಿತ್ರೆ ಮತ್ತು ಬಯಲು ಛಾಯಾಚಿತ್ರ ಪ್ರದರ್ಶನ

'ಬೀದಿಗೆ ಬಂದವಳು' ಎಂಬುದು ಕನ್ನಡದಲ್ಲಿ ನಿಂದೆಯ ಮಾತು. ಈ ನಿಂದೆಯ ಬೆನ್ನಿಗಿರುವ ಒಳಗು-ಹೊರಗುಗಳ ಗಡಿಯನ್ನು 2018ರ 'ಫೋಟೊ ಕಾಠ್ಮಂಡು' ಉತ್ಸವದ 'ಮಹಿಳೆಯರ ಸಾರ್ವಜನಿಕ ಬದುಕು' ಪ್ರದರ್ಶನವು ಪ್ರಶ್ನಿಸಿತು. ನೇಪಾಳ ಪಿಕ್ಚರ್ ಲೈಬ್ರರಿಯ ಪರವಾಗಿ ನಯನತಾರಾ ಗುರುಂಗ್ ಕಕ್ಷಪತಿ ಮತ್ತು ದಿವಸ್ ರಾಜಾ ಕೆ.ಸಿ. ಇದನ್ನು ರೂಪಿಸಿದರು. ಮನೆಮಂದಿಯ ಆಲ್ಬಮ್‌ಗಳಲ್ಲಿದ್ದ ಚಿತ್ರಗಳು ಇಲ್ಲಿ ಸ್ತ್ರೀಚರಿತ್ರೆಯ ಆಕರಗಳಾದವು. ಪಾಟನ್‌ನ ಓಣಿ, ಅಂಗಳಗಳನ್ನು ಬಳಸಿಕೊಂಡ ಈ ಉತ್ಸವಕ್ಕೆ ದಾರಿಹೋಕರೂ ಪ್ರೇಕ್ಷಕರೇ.

ಆದರೆ ಕ್ಯಾಮೆರಾ ಎಲ್ಲರನ್ನೂ ಸಮನಾಗಿ ತಲುಪಿದ ಸಾಧನವಲ್ಲ. ವಿದ್ಯೆ, ಸಂಘಟನೆಗಳ ಸಂಪರ್ಕವಿದ್ದವರಿಗೆ ಚಿತ್ರದ ಸಾಕ್ಷ್ಯ ಸುಲಭವಾಗಿ ಒದಗುತ್ತದೆ. ಗದ್ದೆಯಲ್ಲಿ ನಾಟಿ ಮಾಡುವವಳ ಹೊರಬದುಕು ಬಹುಮಟ್ಟಿಗೆ ಹಾಡಿನಲ್ಲಿ, ನೆನಪಿನಲ್ಲಿ ಉಳಿದಿರುತ್ತದೆ. ಆದುದರಿಂದ ಚಿತ್ರಸಂಗ್ರಹವು ಮೌಖಿಕ ಸಾಕ್ಷ್ಯದೊಡನೆ ಕೂಡಿದಾಗಲೇ 'ಸಾರ್ವಜನಿಕ' ಎಂಬ ವಿಶೇಷಣ ಸಾರ್ಥಕವಾಗುತ್ತದೆ.